ಬೂಟಿನ ತುದಿಗೆ ನಿಂತ ಚೆಂಡು

ಪಿಚ್ಚಿಗೆ ಹಾಸಿದ ಚಾಪೆಯ ಅಂಚಿನಲ್ಲಿ ಇರುವೆಯೊಂದು ಏನನ್ನೋ ಹೊತ್ತು ನನ್ನ ಬೂಟಿನತ್ತ ಬರುತ್ತಿದೆ, ಬಳಸಿ ಹೋಗು ತಾಯೀ, ಈ ಕಾಲು ಇನ್ನು ಸ್ವಲ್ಪ ಹೊತ್ತು ಇಲ್ಲೇ ಊರಬೇಕು — ಕೊನೆಯ ಓವರ್, ಕೊನೆಯ ವಿಕೆಟ್, ಇದೊಂದು ಕಳೆದರೆ ಪಂದ್ಯ ಡ್ರಾ, ಮೊದಲ ಇನಿಂಗ್ಸಿನ ಮುನ್ನಡೆಯಿಂದ ಕಪ್ ಅಹಮದಾಬಾದಿಗೆ, ನಮ್ಮ ಪ್ರಯೋಗಾಲಯದ ತಂಡಕ್ಕೆ, ಸೂರತ್ತಿನ ಮಿಲ್ಲಿನವರು ಬರಿಗೈಯಲ್ಲಿ ರೈಲು ಹತ್ತಬೇಕು, ಬರೋಡಾದ ಈ ಮೈದಾನ ಇಬ್ಬರಿಗೂ ಪರವೂರು — ಬಂತು, ಎಡಗಾಲು ಮುಂದೆ, ತಲೆ ಚೆಂಡಿನ ಮೇಲೆ, ಮೊಣಕೈ ಎತ್ತರ, ಬ್ಯಾಟು ಪ್ಯಾಡಿಗೆ ಒತ್ತಿ, ಕೆಳಗಿನ ಕೈ ಹೂ ಹಿಡಿದಷ್ಟು ಸಡಿಲ, ಟಪ್, ಅಲ್ಲೇ ಬಿತ್ತು. ಹೊಡೆದದ್ದಲ್ಲ, ತಡೆದದ್ದೂ ಅಲ್ಲ, ಬರಮಾಡಿಕೊಂಡದ್ದು, ದೊಡ್ಡಮ್ಮ ಮುಸ್ಸಂಜೆ ಬತ್ತಿ ಹೊಸೆಯುತ್ತಾ ಹೇಳುತ್ತಿದ್ದಳಲ್ಲ, ಗಂಗೆ ಸೊಕ್ಕಿನಿಂದ ಧುಮುಕಿದಳಂತೆ, ಶಿವ ಕೈ ಅಡ್ಡ ಹಿಡಿಯಲಿಲ್ಲ ಮಗಾ, ಜಡೆ ಬಿಚ್ಚಿ ಸುಮ್ಮನೆ ನಿಂತ, ಅಷ್ಟೇ, ಅವಳ ಸದ್ದೇ ಅಡಗಿತು — ತಾನು ಪಕ್ಕದಲ್ಲೇ ನಿಂತು ಕಂಡವಳ ಹಾಗೆ ಹೇಳುವಳು, ಕ್ರಿಕೆಟ್ಟೆಂದರೆ ಏನೆಂದೇ ಅರಿಯದ ದೊಡ್ಡಮ್ಮ, ಈ ಆಟ ನನಗೆ ಕಲಿಸಿದವಳು ಅವಳೇ. ಕಾಲು ತಾಗಿದ್ದನ್ನೆಲ್ಲ ಮುಟ್ಟಿ ಕಣ್ಣಿಗೊತ್ತಿಕೋ ಎಂದು ಕಲಿಸಿದವಳೂ ಅವಳೇ, ಪುಸ್ತಕ, ಮೊರ, ಅಕ್ಕಿ ಕಾಳು, ಯಾವುದರೊಳಗೆ ಯಾರಿದ್ದಾರೋ ಯಾರಿಗೆ ಗೊತ್ತು.

ಮೊಣಕಾಲಿಗೆ ತಾಗುವಷ್ಟು ಹತ್ತಿರ ಕೂತಿದ್ದಾನೆ ಸೂರತ್ತಿನ ಫೀಲ್ಡರ್ ರಮಣಿಕಭಾಯ್, ಚೆಂಡು ಹೆಕ್ಕಿ ಎಸೆದು ಹಲ್ಲು ಕಿರಿಯುತ್ತಾನೆ, ಕೇಮ್ ಸದಾಶಿವಭಾಯ್, ಆಜೇ ಪೂಜಾ ನಥೀ, ಇವತ್ತು ಪೂಜೆ ಇಲ್ಲವೋ ಎಂದು. ಮರೆತಿಲ್ಲ ಅವನು, ನಾನೂ ಮರೆತಿಲ್ಲ, ಹಿಂದಿನ ಸಲ ಸೂರತ್ತಿನಲ್ಲಿ ಹೀಗೇ ಆಡಿದ ಚೆಂಡು ಉರುಳಿ ಬೂಟಿನ ತುದಿಗೆ ತಾಗಿ ನಿಂತಿತ್ತು, ಮಾಗಿದ ಪುನರ್ಪುಳಿ ಹಣ್ಣಿನ ಹಾಗೆ ಕೆಂಪಗೆ, ನನ್ನ ಕೈ ನನ್ನನ್ನು ಕೇಳಲಿಲ್ಲ, ಬ್ಯಾಟು ಬಿಟ್ಟು ಬಗ್ಗಿತು, ಮುಟ್ಟಿತು, ಕಣ್ಣಿಗೊತ್ತಿಕೊಂಡಿತು, ಈ ರಮಣಿಕಭಾಯಿಯೇ ಕೂಗಿದ, ಆಟ ನಡೆದಿರುವಾಗ ಬ್ಯಾಟು ಬಿಟ್ಟ ಕೈ ಚೆಂಡಿಗೆ ತಾಗಿದರೆ ಔಟೇ, ಅಂಪೈರ್ ಪಾಪ ನಗು ತಡೆಯುತ್ತಾ ಬೆರಳೆತ್ತಿದ. ಆ ಮೇಲೆ ಆಯ್ಕೆ ಸಮಿತಿಯವರು ನನ್ನನ್ನು ಕೈಬಿಡಿ ಎಂದರು, ನಾಯಕ ಬಾಲಕೃಷ್ಣ ಒಪ್ಪಲಿಲ್ಲ, ಅವನಂಥ ಡಿಫೆನ್ಸ್ ಇನ್ನಾರಿಗಿದೆ ಎಂದು ವಾದಿಸಿ ಉಳಿಸಿಕೊಂಡ, ಈಗ ಆ ತುದಿಯಲ್ಲಿ ಅವನೇ ನಿಂತಿದ್ದಾನೆ, ನಡುವೆ ಬಂದು ಮೆಲ್ಲಗೆ ಹೇಳುತ್ತಾನೆ, ಮಾರಾಯಾ, ನೀನು ಬಗ್ಗಿದರೆ ನಾವಿಬ್ಬರೂ ಮನೆಗೆ, ಕೈ ಬ್ಯಾಟಿನ ಮೇಲೆ ಇರಲಿ. ಇರಲಿ. ಇನ್ನೊಂದೇ ಚೆಂಡು, ಬೌಲರ್ ಓಡಿ ಬರುತ್ತಿದ್ದಾನೆ, ಜಡೆ ಬಿಚ್ಚಿ ನಿಲ್ಲು, ಎಡಗಾಲು, ತಲೆ, ಮೊಣಕೈ, ಟಪ್ — ಬಿತ್ತು, ಉರುಳಿತು, ಅಯ್ಯೋ ಇತ್ತಲೇ ಉರುಳುತ್ತಿದೆ, ಬಂದು ತಾಗಿತು, ನಿಂತಿತು. ಬಿಳಿ ಬೂಟು, ಪುನರ್ಪುಳಿ. ರಮಣಿಕಭಾಯ್ ಹೆಕ್ಕುತ್ತಿಲ್ಲ, ಕಾಯುತ್ತಿದ್ದಾನೆ, ನನ್ನ ಬೆರಳುಗಳನ್ನೇ ನೋಡುತ್ತಾ ಕಾಯುತ್ತಿದ್ದಾನೆ, ಅಂಗೈಯಲ್ಲಿ ಜುಮುಜುಮು, ದೊಡ್ಡಮ್ಮಾ ಕ್ಷಮಿಸು, ಯಾವುದರೊಳಗೆ ಯಾರಿದ್ದಾರೋ ಅವರೂ ಕ್ಷಮಿಸಲಿ, ಹಿಡಿ, ಬಿಗಿಯಾಗಿ ಹಿಡಿ, ಆ ಕೈಯನ್ನು ಈ ಕೈ ಹಿಡಿಯಲಿ — ಓವರ್ ಎನ್ನುತ್ತಾನೆ ಅಂಪೈರ್, ಬೇಲ್ಸ್ ತೆಗೆಯುತ್ತಾನೆ, ಮುಗಿಯಿತು, ಬಾಲಕೃಷ್ಣ ಬೆನ್ನಿಗೆ ಗುದ್ದುತ್ತಿದ್ದಾನೆ, ಯಾರೋ ಓಡಿ ಬರುತ್ತಿದ್ದಾರೆ, ರಮಣಿಕಭಾಯ್ ಈಗ ಬಗ್ಗಿ ಚೆಂಡು ಎತ್ತಿಕೊಂಡ, ಅಂಗಿಗೆ ಒರೆಸಿದ, ನಗುತ್ತಿಲ್ಲ, ಎರಡೂ ಅಂಗೈಯಲ್ಲಿಟ್ಟು ನನ್ನ ಮುಂದೆ ಚಾಚಿದ, ಹವೇ ಕರೋ ಭಾಯ್, ಈಗ ಮಾಡು. ಮಾಡಬೇಕು, ಮುಟ್ಟಬೇಕು, ಬೆರಳು ಬಿಡಿಸುತ್ತೇನೆ, ಬಿಡುತ್ತಿಲ್ಲ, ಬ್ಯಾಟಿನ ಹಿಡಿಗೇ ಅಂಟಿಕೊಂಡಿವೆ, ಅವನು ಚಾಚಿಯೇ ನಿಂತಿದ್ದಾನೆ, ಅಂಗೈಯಲ್ಲಿ ಕೆಂಪು ಚೆಂಡು, ಬೂಟಿನ ತುದಿಯಲ್ಲಿ ಅದರ ಕೆಂಪು ಕಲೆ, ಅಂಗೈಯಲ್ಲಿ ಕೆಂಪು ಚೆಂಡು —