ಎಂಬತ್ತು ಸಾವಿರದ ಪತ್ರ

"ಹತ್ತೊಂಬತ್ತು ವರ್ಷ ತಂದೆಯನ್ನು ಎತ್ತಿ ಕೂರಿಸಿ, ತೊಳೆದು, ಉಣಿಸಿದವರು ಈ ಮಗಳು. ಅದಕ್ಕಾಗಿ ಬೇಕರಿಯ ಕೆಲಸವನ್ನೂ ಬಿಟ್ಟರು. ಉಯಿಲಿನಲ್ಲಿ ಇವರ ಹೆಸರೇ ಇಲ್ಲದಿರುವುದು ನ್ಯಾಯವಲ್ಲ."

ನ್ಯಾಯಾಧೀಶೆ ಓದುತ್ತಿದ್ದಂತೆ ಗ್ಲೆನಿಸ್ ಹಾಲ್‌ರಾಯ್ಡ್ ಪಕ್ಕದಲ್ಲಿದ್ದ ಗಂಡ ವಿಲ್ಫ್‌ನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಈ ಮಾತನ್ನು ಕೇಳಲೆಂದೇ ಅವಳು ಕೀಥ್ಲಿಯಿಂದ ಲೀಡ್ಸ್‌ಗೆ ವಿಚಾರಣೆಯ ನಾಲ್ಕೂ ದಿನ ಬಸ್ಸು ಹತ್ತಿ ಬಂದಿದ್ದಳು. ತಂದೆಯ ಆಸ್ತಿಯಿಂದ ಅವಳಿಗೆ ಎಪ್ಪತ್ತೆರಡು ಸಾವಿರ ಪೌಂಡ್ ಸಿಗತಕ್ಕದ್ದು ಎಂದು ತೀರ್ಪಾಯಿತು.

"ಗೆದ್ವಲ್ಲೇ!" ಎಂದ ವಿಲ್ಫ್.

ಗ್ಲೆನಿಸ್ ಆಚೆ ಬದಿಗೆ ನೋಡಿದಳು. ಉಯಿಲಿನಲ್ಲಿ ಎಲ್ಲವನ್ನೂ ಪಡೆದಿದ್ದ ಅವಳ ತಮ್ಮ ರೋಲಂಡ್ ಕನ್ನಡಕ ತೆಗೆದು ಟೈಯ ತುದಿಯಿಂದ ನಿಧಾನವಾಗಿ ಒರೆಸುತ್ತಿದ್ದ. ಸೋತವನ ಮುಖ ಅದಾಗಿರಲಿಲ್ಲ. ಅಷ್ಟರಲ್ಲಿ ಅವನ ವಕೀಲ ಎದ್ದು ನಿಂತು, "ತೀರ್ಪಿಗೆ ಮುಂಚೆ ತಮಗೆ ತೋರಿಸುವಂತಿರಲಿಲ್ಲ, ಈಗ ತೋರಿಸಬಹುದು," ಎಂದು ಒಂದು ಕಾಗದವನ್ನು ಮುಂದಿಟ್ಟ.

ಗ್ಲೆನಿಸ್‌ಗೆ ಅದೇನೆಂದು ಗೊತ್ತಿತ್ತು. ಹದಿನಾಲ್ಕು ತಿಂಗಳ ಹಿಂದೆ, ದಾವೆ ಹೂಡಿದ ಹೊಸದರಲ್ಲಿ ಬಂದ ರಾಜಿಯ ಪತ್ರ. ಎಂಬತ್ತು ಸಾವಿರ ಕೊಡುತ್ತೇವೆ, ಇಪ್ಪತ್ತೊಂದು ದಿನದೊಳಗೆ ಹೇಳಿ ಎಂದಿತ್ತು. ಅವಳ ವಕೀಲೆ ಶಾಹಿನ್ ಮೀರ್ ಅಂದೇ ಬಿಡಿಸಿ ಹೇಳಿದ್ದಳು: "ತಗೊಂಡ್ಬಿಡಿ. ನೀವು ಬೇಡ ಅಂದು, ನಾಳೆ ಕೋರ್ಟು ಇದಕ್ಕಿಂತ ಒಂದು ಪೌಂಡ್ ಕಮ್ಮಿ ಕೊಟ್ರೂ, ಅಲ್ಲಿಂದಾಚೆ ಅವರ ವಕೀಲರ ಖರ್ಚೆಲ್ಲ ನಿಮ್ಮ ತಲೆ ಮೇಲೆ." ವಿಲ್ಫ್ ಅಂತೂ ಸೋರುವ ಮಾಡು ರಿಪೇರಿ ಮಾಡಿಸುವ ಕನಸು ಕಾಣತೊಡಗಿದ್ದ. ಗ್ಲೆನಿಸ್‌ಗೂ ಒಪ್ಪುವ ಮನಸ್ಸಿತ್ತು.

ಮೂರನೆಯ ದಿನ ರೋಲಂಡ್‌ನ ಕೈಬರಹದ ಕಾರ್ಡು ಬಂತು. "ಅಕ್ಕ, ತಗೋ. ಹತ್ತೊಂಬತ್ತು ವರ್ಷದ ಮನೆಗೆಲಸದವಳ ಸಂಬಳ. ಅಪ್ಪ ಇದ್ದಿದ್ದರೆ ಇಷ್ಟೂ ಕೊಡುತ್ತಿರಲಿಲ್ಲ."

ಗ್ಲೆನಿಸ್ ಅದನ್ನು ಚೂರುಚೂರು ಮಾಡಿದಳು. "ನಾನೇನು ಕೂಲಿಯವಳಾ? ಮಗಳು ನಾನು! ಅದನ್ನ ಜಡ್ಜ್ ಬಾಯಲ್ಲೇ ಹೇಳಿಸ್ತೀನಿ ನೋಡ್ತಿರು." ವಿಲ್ಫ್ ಕೈಮುಗಿದ. ಶಾಹಿನ್ ಇನ್ನೊಮ್ಮೆ ಹೇಳಿ ನೋಡಿ, ಕೊನೆಗೆ 'ಸಲಹೆ ಕೊಟ್ಟಿದ್ದೇನೆ, ಅವರು ಒಪ್ಪಲಿಲ್ಲ' ಎಂಬ ಕಾಗದಕ್ಕೆ ಅವಳಿಂದ ಸಹಿ ಹಾಕಿಸಿಕೊಂಡಳು.

ಈಗ ನ್ಯಾಯಾಧೀಶೆ ಆ ಪತ್ರವನ್ನು ಎರಡು ಸಲ ಓದಿದರು. ಆಮೇಲೆ ಗ್ಲೆನಿಸ್‌ಳತ್ತ ನೋಡದೆಯೇ, ಪತ್ರದಿಂದಾಚೆಗಿನ ಖರ್ಚೆಲ್ಲ ಅವಳೇ ಭರಿಸಬೇಕೆಂದು ಆದೇಶ ಹೇಳಿದರು. ದನಿಯಲ್ಲಿ ಮೊದಲಿನ ಆರ್ದ್ರತೆ ಇರಲಿಲ್ಲ. ಇಲ್ಲಿ ಕನಿಕರಕ್ಕೆ ಜಾಗವಿಲ್ಲ, ನಿಯಮ ನಿಯಮವೇ.

ಹೊರಗೆ ಬೆಂಚಿನ ಮೇಲೆ ಶಾಹಿನ್ ಲೆಕ್ಕ ಹಾಕಿ ತೋರಿಸಿದಳು. "ಪತ್ರದಿಂದಾಚೆ ಅವರ ಖರ್ಚು ಐವತ್ತೊಂದು ಸಾವಿರ, ನಮ್ಮದು ಒಟ್ಟು ನಲವತ್ಮೂರು. ಅದರಲ್ಲಿ ಪತ್ರಕ್ಕಿಂತ ಮುಂಚಿನ ಒಂಬತ್ತು ಸಾವಿರ ಅವರಿಂದ ವಾಪಸ್ ಬರುತ್ತೆ. ಎಪ್ಪತ್ತೆರಡೂ ಅದಕ್ಕೇ ಹೋಗಿ..." ಅವಳ ಪೆನ್ನು ನಿಂತಿತು. "ಇನ್ನೂ ಹದಿಮೂರು ಸಾವಿರ ನೀವೇ ಕಟ್ಬೇಕು, ಮೇಡಂ."

ರೋಲಂಡ್ ಕೋಟು ಹಾಕಿಕೊಳ್ಳುತ್ತ ಅವರ ಮುಂದೆಯೇ ಬಂದು ನಿಂತ. "ಏನಕ್ಕ, ಜಡ್ಜ್ ಚೆನ್ನಾಗಿ ಮಾತಾಡಿದ್ರಲ್ಲ? ನಿಂಗೆ ಬೇಕಾಗಿದ್ದು ಸಿಕ್ತಲ್ಲ?"

"ಹೋಗೋ ಆಚೆ," ಎಂದ ವಿಲ್ಫ್.

"ಹೋಗ್ತೀನಿ ಭಾವ. ಆ ಕಾರ್ಡ್ ಇದ್ಯಲ್ಲ ಅಕ್ಕ, ಅದನ್ನ ಬರೆಯೋಕೆ ನಂಗೆ ಎರಡು ಸಂಜೆ ಹಿಡೀತು. ಯಾವ ಮಾತಿಗೆ ನೀನು ಭಗ್ ಅಂತ ಹತ್ಕೋತೀಯ ಅಂತ ನಂಗಲ್ದೆ ಇನ್ಯಾರಿಗೆ ಗೊತ್ತು?"

ಗ್ಲೆನಿಸ್ ತಲೆಯೆತ್ತಿದಳು. "ಹಾಗಾದ್ರೆ ಎಂಬತ್ತು ಕೊಡೋ ಮನಸ್ಸೇ ಇರ್ಲಿಲ್ವಾ ನಿಂಗೆ?"

"ನೀನು ಹೂಂ ಅಂದಿದ್ರೆ ಕೊಡ್ಲೇಬೇಕಿತ್ತು. ಅದಕ್ಕೇ ಕಾರ್ಡು."

"ಅಪ್ಪನ ಬೆನ್ನ ಮೇಲಿನ ಹುಣ್ಣು ಒಂದ್ಸಲನಾದ್ರೂ ನೋಡಿದ್ಯೇನೋ ನೀನು?"

"ಇಲ್ಲಪ್ಪ," ಎಂದ ರೋಲಂಡ್, ಗುಂಡಿ ಹಾಕಿಕೊಳ್ಳುತ್ತ. "ಅದಕ್ಕೆ ನೀನಿದ್ಯಲ್ಲ."

ಅವನು ಮೆಟ್ಟಿಲಿಳಿದು ಹೋದ. ಶಾಹಿನ್ ಲೆಕ್ಕದ ಹಾಳೆಯನ್ನು ಮಡಚಿ ಚೀಲಕ್ಕೆ ಹಾಕಿದಳು.

ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆಯಿತ್ತು. ಗ್ಲೆನಿಸ್ ಮಾರುಕಟ್ಟೆಯ ಬಳಿಯ ಕಲ್ಲುಕಟ್ಟೆಯ ಮೇಲೆ ಕುಳಿತಳು. ವಿಲ್ಫ್ ಕರಿದ ಮೀನಿನ ಅಂಗಡಿಗೆ ಹೋಗಿ ಬಹಳ ಹೊತ್ತು ಹಲಗೆಯ ಮೇಲಿನ ದರ ನೋಡುತ್ತ ನಿಂತಿದ್ದು ಅವಳಿಗೆ ಗಾಜಿನಾಚೆ ಕಾಣುತ್ತಿತ್ತು. ಕೊನೆಗೆ ಅವನು ಒಂದೇ ಪೊಟ್ಟಣ ಹಿಡಿದು ಬಂದ. ಅದನ್ನು ಇಬ್ಬರ ನಡುವೆ ಬಿಚ್ಚಿಟ್ಟು, ಎರಡು ಮರದ ಫೋರ್ಕುಗಳಲ್ಲಿ ಒಂದನ್ನು ಅವಳ ಕೈಗೆ ಕೊಟ್ಟ. ಮೀನಿನ ದಪ್ಪ ಭಾಗ ಅವಳ ಕಡೆಗೆ ಬರುವಂತೆ ಕಾಗದವನ್ನು ಸ್ವಲ್ಪ ತಿರುಗಿಸಿದ.