ಲಾಳಿಗೊಂದು ಗುಡಿಸು

ಹೆಸರಿಲ್ಲದ ಮೋಟಾರು ಪಂದ್ಯಕ್ಕೆ ಬರಕೂಡದು ಎಂದು ಸೀರೆ ವ್ಯಾಪಾರಿ ಗೋವಿಂದಪ್ಪನವರು ಹೇಳಿಕಳಿಸಿದ ದಿನ, ಸುಗರಾಳ ಮನೆಯಲ್ಲಿ ರೊಟ್ಟಿ ತಣ್ಣಗಾದವು, ಮಾತು ಬಿಸಿಯಾದವು.

ಇಳಕಲ್ಲಿನಿಂದ ಹುನಗುಂದಕ್ಕೆ ಹೋಗಿ ತಿರುಗಿ ಬರುವ ಪಂದ್ಯ ಅದು. ಮೋಟಾರೆಂಬುದು ಆ ಸೀಮೆಗೆ ಇನ್ನೂ ಹೊಸದು. ಅದರ ಸದ್ದು ಕೇಳಿದರೆ ಉಣ್ಣುವವರು ತಾಟು ಬಿಟ್ಟು ಓಡಿಬರುತ್ತಿದ್ದ ಕಾಲ. ಸೀರೆಗಂಟುಗಳನ್ನು ಬಾಗಲಕೋಟೆಯ ರೈಲಿಗೆ ಬೇಗ ಮುಟ್ಟಿಸಲು ಗೋವಿಂದಪ್ಪನವರಿಗೆ ಗಾಡಿಗಳು ಬೇಕಾಗಿದ್ದವು. ಗೆದ್ದ ಗಾಡಿಯನ್ನು ಕಟ್ಟಿದವರಿಗೇ ಅವನ್ನು ಕಟ್ಟುವ ಕೆಲಸ ಎಂದು ನಾಲ್ಕು ಜನರ ಮುಂದೆ ಮಾತು ಕೊಟ್ಟಿದ್ದರು. ಇನ್ನು ಹೆಸರು ಯಾಕೆಂದರೆ, "ಜನ ಏನಂತ ಕೂಗಬೇಕು? ಏ ಕಬ್ಬಿಣ, ಏ ಕಬ್ಬಿಣ ಅಂತ ಕೂಗ್ತಾರೇನು?" ಎಂದು ಕೇಳಿದ್ದರು.

ಸುಗರಾಳ ಅಣ್ಣ ಇಬ್ರಾಹಿಂಸಾಬ ಎತ್ತಿಗೆ ಲಾಳ ಕಟ್ಟುವ ಮನೆತನದವನು. ಸೊಲ್ಲಾಪುರದಲ್ಲಿ ಮೋಟಾರು ರಿಪೇರಿ ಕಲಿತು ಬಂದವನು, ಯಾರದೋ ಹಿತ್ತಲಲ್ಲಿ ತುಕ್ಕು ಹಿಡಿದು ಬಿದ್ದಿದ್ದ ಒಂದು ಮೋಟಾರನ್ನು ಎಳೆದು ತಂದು, ಅದರ ಮಾಡು, ಬಾಗಿಲು, ಹಿಂದಿನ ಆಸನ ಎಲ್ಲ ಕಿತ್ತೊಗೆದಿದ್ದ. ಬಡಿಗ ಹನಮಂತಪ್ಪ ಅದಕ್ಕೆ ತೆಳುವಾದ ಹಲಗೆಯ ಹೊಸ ಮೈ ಕಟ್ಟಿದ್ದ. ಮುಂದೆ ಚೂಪು, ಹಿಂದೆಯೂ ಚೂಪು, ನಡುವೆ ಇಬ್ಬರು ಕೂಡುವಷ್ಟು ಗುಳಿ. ಕಬ್ಬಿಣ ಇಬ್ರಾಹಿಂಸಾಬನದು, ಕಟ್ಟಿಗೆ ಹನಮಂತಪ್ಪನದು. ಗೆದ್ದರೆ ಇಬ್ಬರೂ ಕೂಡಿ ಗಾಡಿ ಕಟ್ಟುವ ಕೆಲಸ ಹಿಡಿಯುವುದು, ಸೋತರೆ ಬಿಚ್ಚಿ ಅವರವರ ಪಾಲು ಅವರವರು ಒಯ್ಯುವುದು ಎಂದು ಇಬ್ಬರೂ ಕೈಮೇಲೆ ಕೈ ಹಾಕಿದ್ದರು.

"ಪವನ ಅಂತ ಇಡೂಣು," ಎಂದ ಹನಮಂತಪ್ಪ.

"ಬುರಾಖ್ ಅಂತ ಇಡೂಣು," ಎಂದ ಇಬ್ರಾಹಿಂಸಾಬ.

ಒಳಗಿನಿಂದ ತಾಯಿ ರಂಜಾನಬಿ, "ಪೈಗಂಬರರ ಸವಾರಿ ಹೆಸರು ಸಗಣಿ ಬಿದ್ದ ರಸ್ತಾಕ್ಕ ತರ್ತೀಯೇನು? ಮೊದಲ ಬಾಯಿ ತೊಳಕೋ ಹೋಗು," ಎಂದಳು.

"ಬಾಗಲಕೋಟಿ ವಕೀಲರದು ಗರುಡ. ಬದಾಮಿ ಗುತ್ತಿಗಿದಾರ ಹುಚ್ಚೇಶಂದು ಹುಲಿ," ಎಂದು ಹನಮಂತಪ್ಪ ಟವಲು ಕೊಡವಿ ಎದ್ದ. "ಪವನ ಬ್ಯಾಡಂದ್ರ ಇಲಿ ಅಂತ ಇಡ್ರಿ. ನನ್ನ ಕಟ್ಟಿಗಿ ಏನೂ ಅನ್ನಂಗಿಲ್ಲ." ಚಪ್ಪಲಿ ಮೆಟ್ಟಿ ನಡೆದೇಬಿಟ್ಟ.

ಸುಗರಾ ಬಾಗಿಲ ಮೂಲೆಯಲ್ಲಿ ಕೂತು ನೆರೆಮನೆಯ ನೇಕಾರಗಿತ್ತಿ ಶೇಖವ್ವನ ಮಗ್ಗದ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಸಾಲಿಯನ್ನು ಎರಡನೆಯ ಇಯತ್ತೆಗೆ ಬಿಟ್ಟವಳು. ಹೊರಗಿನವರ ಮುಂದೆ ಅವಳ ದನಿ ಕೇಳಿದವರು ಕಡಿಮೆ. ಆದರೆ ಕಣ್ಣು ಮಾತ್ರ ಒಂದು ಕಡೆ ನಿಲ್ಲುತ್ತಿರಲಿಲ್ಲ. ರಾಟೆ ನಿಲ್ಲಿಸಿ ಅಂಗಳದಲ್ಲಿ ನಿಂತ ಗಾಡಿಯನ್ನು ನೋಡಿದಳು. ಕೈಯಲ್ಲಿದ್ದ ಕಂಡಿಕೆಯನ್ನು ನೋಡಿದಳು.

"ಲಾಳಿ," ಎಂದಳು, ನೂಲಿಗೆ ಹೇಳಿದ ಹಾಗೆ.

"ಏನಂದಿ?"

"ಎರಡೂ ಕಡಿ ಚೂಪೈತಿ. ನಡುವ ಕಂಡಿಕಿ ಕೂಡೂ ಜಾಗಾ ಐತಿ. ಲಾಳಿನ ಅದು."

ಇಬ್ರಾಹಿಂಸಾಬ ನಕ್ಕ. "ಅವರು ಹುಲಿ ತರ್ತಾರ, ಗರುಡ ತರ್ತಾರ. ನಾ ಮಗ್ಗದ ಸಾಮಾನು ತಗೊಂಡು ಹೋಗ್ಲೇನು?"

"ಹುಲಿ ಹೋಗ್ತೈತಿ. ತಿರುಗಿ ಬರ್ತೈತೋ ಇಲ್ಲೋ ಯಾರು ಬಲ್ಲರು. ಲಾಳಿ ಹೋತಂದ್ರ ಬಂತಽ." ಒಮ್ಮೆ ಬಾಯಿ ತೆರೆದ ಮೇಲೆ ಉಳಿದದ್ದೂ ತಾನಾಗಿ ಬಂತು. "ಶೇಖವ್ವ ಲಾಳಿ ಜೋರ ಒಗಿಯಂಗಿಲ್ಲ ಅಣ್ಣಾ. ಜೋರ ಒಗದ್ರ ಆ ಕಡಿ ಕೈಗೆ ಸಿಗಲಾರದ ಜಿಗದು ನೆಲಕ್ಕ ಬೀಳ್ತೈತಿ. ಹಿಡಿಯೂ ಕೈ ನೋಡಿ ಒಗಿಬೇಕು."

ಮುಖ ಕೆಂಪಾಗಿ ಮತ್ತೆ ರಾಟೆಗೆ ಬಗ್ಗಿದಳು. ಅಣ್ಣ ಗಾಡಿಯ ಸುತ್ತ ಒಂದು ಸುತ್ತು ಬಂದ. ಇನ್ನೊಂದು ಸುತ್ತು ಬಂದ. ಆಮೇಲೆ ನಗಲಿಲ್ಲ.

ಮರುದಿನ ಕುಲುಮೆಯ ಸುತ್ತಿಗೆ ಸದ್ದಿನ ನಡುವೆ ಇಬ್ರಾಹಿಂಸಾಬ ಹೆಸರನ್ನು ಕೂಗಿ ಹೇಳಿದ. ಸಿಟ್ಟು ಇಳಿದಿದ್ದ ಹನಮಂತಪ್ಪ ತಲೆಯಾಡಿಸಿ ಬಣ್ಣದ ಡಬ್ಬಿ ತಂದ. ತಾನೇ ಬರೆದು, ಪಂದ್ಯದ ತನಕ ಯಾರ ದೃಷ್ಟಿಯೂ ಬೀಳಬಾರದೆಂದು, ಬಣ್ಣಕ್ಕೆ ತಾಗದ ಹಾಗೆ ಮೇಲೊಂದು ಗೋಣಿತಟ್ಟು ಹೊದಿಸಿದ.

ಪಂದ್ಯದ ದಿನ ಹುನಗುಂದದ ರಸ್ತೆಯ ಎರಡೂ ಬದಿಗೆ ಜನ ಕಿಕ್ಕಿರಿದಿದ್ದರು. ಮಗ್ಗಗಳೆಲ್ಲ ಸುಮ್ಮನಾಗಿದ್ದವು. ಹೆಂಗಸರ ಗುಂಪಿನಲ್ಲಿ ತಾಯಿ ಮತ್ತು ಶೇಖವ್ವನ ನಡುವೆ ಸುಗರಾ ನಿಂತಿದ್ದಳು. ಗರುಡ ಬಂತು, ಹುಲಿ ಬಂತು. ಹನಮಂತಪ್ಪ ಮದುಮಗಳ ಮುಸುಕು ತೆಗೆದ ಹಾಗೆ ಗೋಣಿತಟ್ಟು ಎಳೆದ.

ಗಾಡಿಯ ಮೈಮೇಲೆ ದಪ್ಪ ಬಿಳಿ ಅಕ್ಷರದಲ್ಲಿ 'ಲಾಳ' ಎಂದಿತ್ತು.

ಮೊದಲು ನಕ್ಕವನು ಬದಾಮಿಯ ಹುಚ್ಚೇಶ. "ಲಾಳ ಬಂತು, ಎತ್ತು ಎಲ್ಲಿ ಇಬ್ರಾಹಿಂಸಾಬ? ಹಿಂದ ಬರಾಕತ್ತಾವೇನು?"

ನಗೆ ರಸ್ತೆಯ ಉದ್ದಕ್ಕೂ ಹರಿಯಿತು. "ಲಾಳ, ಲಾಳ" ಎಂಬ ಕೂಗೂ ಎದ್ದಿತು. ಇಬ್ರಾಹಿಂಸಾಬನ ಮುಖ ಇದ್ದಿಲಾಯಿತು. ಹನಮಂತಪ್ಪ ಏನೂ ತಿಳಿಯದೆ ಎಲ್ಲರನ್ನೂ ನೋಡುತ್ತಿದ್ದ. ಲಾಳ ಕಟ್ಟುವ ಮನೆಯವರು ಲಾಳವೆಂದೇ ಅಂದಿರಬೇಕು ಎಂದು ಅವನು ತಿಳಿದದ್ದು.

ಸುಗರಾ ತಾಯಿಯ ಪಕ್ಕದಿಂದ ಹೊರಬಂದಳು. ಸೆರಗನ್ನು ಹಣೆಯವರೆಗೆ ಎಳೆದುಕೊಂಡು, ಅಷ್ಟು ಗಂಡಸರ ನಡುವೆ ಹಾದು ಹೋಗಿ ಹನಮಂತಪ್ಪನ ಎದುರು ನಿಂತಳು.

"ಕಾಕಾ, ಗುಡಿಸು ಬಿಟ್ಟೀರಿ."

"ಗುಡಿಸೂದಾ? ರಸ್ತಾ ಮುಂಜಾನೆನ ಗುಡಿಸ್ಯಾರಲ್ಲವ್ವಾ."

ಅವಳು ಕೈ ಚಾಚಿದಳು. ಅವನ ಚೀಲದಿಂದ ಬಣ್ಣದ ಡಬ್ಬಿಯೂ ಕುಂಚವೂ ಹೊರಬಂದವು. ಕುಂಚ ಅದ್ದಿ, ಉಸಿರು ಬಿಗಿಹಿಡಿದು, ಕೊನೆಯ ಅಕ್ಷರದ ನೆತ್ತಿಯ ಮೇಲೆ ಒಂದು ದುಂಡನೆಯ ಗುಡಿಸು ಎಳೆದಳು. ಒಂದು ಹನಿ ಕೆಳಗಿಳಿಯಿತು. ಅದನ್ನು ಬೆರಳಿನಿಂದ ಒರೆಸಿದಳು.

ಶೇಖವ್ವ ಹೆಂಗಸರ ಗುಂಪಿನಿಂದ ಕತ್ತು ಚಾಚಿ, "ಅಯ್ಯ, ಲಾಳಿ," ಎಂದಳು. "ನಮ್ಮ ಲಾಳಿ ನೋಡ್ರೆ. ಹಂಗಽ ಐತಿ."

ನೇಕಾರರ ಊರು. ಲಾಳಿ ಹಿಡಿಯದ ಕೈ ಅಲ್ಲಿ ಎಷ್ಟಿದ್ದವು? ಚೂಪು ಮೂತಿ, ಚೂಪು ಬಾಲ, ನಡುವಿನ ಗುಳಿ ಎಲ್ಲರಿಗೂ ಒಮ್ಮೆಲೇ ಕಂಡವು. ಈ ಸಲ ಎದ್ದ ಕೂಗಿನಲ್ಲಿ ನಗೆ ಇರಲಿಲ್ಲ. ಗೋವಿಂದಪ್ಪನವರು ಕೆಂಪು ಬಟ್ಟೆ ಬೀಸಿದಾಗ ಊರಿಗೆ ಊರೇ "ಲಾಳಿ, ಲಾಳಿ" ಎನ್ನುತ್ತಿತ್ತು.

ಹುಲಿ ಮುಂದೆ ಹೋಯಿತು, ಅದರ ಬೆನ್ನಿಗೆ ಗರುಡ. ಲಾಳಿ ಕೊನೆಗೆ ಧೂಳಿನಲ್ಲಿ ಮುಳುಗಿತು.

"ಒಗದಾತು," ಎಂದಳು ಶೇಖವ್ವ. "ಇನ್ನ ಬರೂದು ನೋಡೂಣು."

ಕಾಯುವ ಹೊತ್ತು ಉದ್ದ. ರಂಜಾನಬಿ ಬಾಯೊಳಗೆ ದುವಾ ಓದುತ್ತಿದ್ದಳು. ಹನಮಂತಪ್ಪ ಸುತ್ತಿಗೆಯನ್ನು ಎಡಗೈಯಿಂದ ಬಲಗೈಗೆ, ಬಲಗೈಯಿಂದ ಎಡಗೈಗೆ ಹಾಕುತ್ತಿದ್ದ. ಬಿಚ್ಚುವುದಾದರೆ ಬೇಕಾಗುತ್ತದೆಂದು ತಂದಿದ್ದನೇನೋ. ಸುಗರಾಳ ಕಣ್ಣು ರಸ್ತೆ ಬಿಟ್ಟು ಕದಲಲಿಲ್ಲ. ಅದಕ್ಕೇ ಎಲ್ಲರಿಗಿಂತ ಮೊದಲು ಅವಳಿಗೇ ಕಂಡಿತು. ದೂರದ ಧೂಳನ್ನು ನೂಲಿನ ಎಳೆಗಳ ಹಾಗೆ ಸೀಳಿಕೊಂಡು ಬರುತ್ತಿತ್ತು ಒಂದು ಚೂಪು ಮೂತಿ.

"ಬಂತು," ಎಂದಳು. ಅವಳ ದನಿ ಅವಳಿಗೇ ಜೋರಾಗಿ ಕೇಳಿತು.

ಅಣ್ಣ ಕೆಳಗಿಳಿದಾಗ ಹುಬ್ಬಿನವರೆಗೆ ಮಣ್ಣು. ಜನರನ್ನು ಸರಿಸಿಕೊಂಡು ನೇರವಾಗಿ ತಂಗಿಯ ಬಳಿಗೆ ಬಂದ. "ಹುನಗುಂದದಾಗ ತಿರುಗೂ ಬೇವಿನ ಗಿಡ ಕಂಡಕೂಡ್ಲೆ ನಿನ್ನ ಮಾತು ನೆನಪಾತು. ಹಿಡಿಯೂ ಕೈ ನೋಡಿ ಒಗಿಬೇಕು ಅಂದಿದ್ದಿ. ಮೊದಲಽ ಬ್ರೇಕ್ ಒತ್ತಿದೆ. ಹುಲಿ ಒತ್ತಲಿಲ್ಲ. ಗಿಡಾ ದಾಟಿ ಜಾಲಿ ಕಂಟ್ಯಾಗ ಹೋಗಿ ಕುಂತಿತು."

"ಮತ್ತ ಗರುಡ?"

"ಬರೂ ದಾರ್ಯಾಗ ನೀರು ಕುದ್ದು ನಿಂತೈತಿ. ವಕೀಲರು ಕೊಡಾ ಹುಡಿಕ್ಯಾಡಾಕತ್ತಾರ."

ಹೊತ್ತು ಇಳಿಯುವ ಮೊದಲು ಗರುಡ ಹೊಗೆಯಾಡುತ್ತ ಬಂತು. ಅದರ ಹಿಂದೆ ಹುಲಿಯೂ ಬಂತು, ಎರಡು ಎತ್ತುಗಳಿಂದ ಎಳೆಸಿಕೊಂಡು. ಹುಚ್ಚೇಶ ಮೇಲೆ ಕೂತು ಆಕಾಶ ನೋಡುತ್ತಿದ್ದ. ಹನಮಂತಪ್ಪ ಬಗ್ಗಿ ಎತ್ತಿನ ಗೊರಸು ನೋಡಿದ. "ಎತ್ತು ಎಲ್ಲಿ ಅಂದಿದ್ರೆಲ್ಲ ಹುಚ್ಚೇಶಪ್ಪ, ಇಲ್ಲಿ ಅದಾವ ನೋಡ್ರಿ. ಲಾಳಾನೂ ನಮ್ಮ ಇಬ್ರಾಹಿಂಸಾಬ ಕಟ್ಟಿದ್ದಽ." ಹುಚ್ಚೇಶನಿಗೂ ನಗು ತಡೆಯಲಾಗಲಿಲ್ಲ.

ಗೋವಿಂದಪ್ಪನವರು ಗಾಡಿಯ ಮೈ ಸವರಿ, "ಎರಡು ಲಾಳಿ ಬೇಕು ನನಗ," ಎಂದರು.

"ಲಾಳಿ ಇರೂದು ಒಂದಽ ಅಲ್ರಿ ಸಾವಕಾರ್ರ," ಎಂದ ಇಬ್ರಾಹಿಂಸಾಬ.

"ಇಂಥಾ ಗಾಡಿಗೆ ಲಾಳಿ ಅಂತಾರಲ್ಲೋ. ಇಂಥಾವು ಎರಡು."

"ನನಗೂ ಒಂದು ಲಾಳಿ ಇರ್ಲಿ," ಎಂದ ಹುಚ್ಚೇಶ, ಬಟ್ಟೆಗೆ ಚುಚ್ಚಿದ ಜಾಲಿಮುಳ್ಳು ಕೀಳುತ್ತ.

ಸುಗರಾ ಕೇಳುತ್ತ ನಿಂತಳು. ಬೆಳಿಗ್ಗೆ ಒಂದು ಗಾಡಿಯ ಹೆಸರಾಗಿದ್ದದ್ದು ಈಗ ಒಂದು ಜಾತಿಯ ಗಾಡಿಗೇ ಹೆಸರಾಗಿತ್ತು. ಇನ್ನೂ ಹುಟ್ಟದ ಗಾಡಿಗಳನ್ನೂ ಜನ ಅದೇ ಹೆಸರಿನಿಂದ ಕರೆಯುತ್ತಿದ್ದರು.

ಹನಮಂತಪ್ಪ ಸುತ್ತಿಗೆಯನ್ನು ಚೀಲಕ್ಕೆ ಹಾಕಿ, ಕುಂಚವನ್ನು ಅವಳ ಕೈಗಿಟ್ಟ. "ಇನ್ನ ಮುಂದ ಹೆಸರು ಬರಿಯೂದು ನಿನ್ನ ಕೆಲಸವ್ವಾ. ನಾ ಬರದ್ರ ಮತ್ತ ಗುಡಿಸು ಬಿಡ್ತೇನಿ."

"ಬಿಡ್ರಿ ಕಾಕಾ," ಎಂದಳು ಸುಗರಾ, ಎಲ್ಲರಿಗೂ ಕೇಳುವ ಹಾಗೆ. "ಗುಡಿಸೂದು ನನಗ ದಿನದ ರೂಢಿನ ಐತಿ."