ತಟ್ಟಿ ನೋಡಿದ ಮೂಸೆ

ಆ ಬೀದಿಯ ಎರಕದವರಿಗೆಲ್ಲ ಅವಳ ಗಂಡನ ಕಿವಿಯ ಮೇಲೆ ದೇವರಿಗಿಂತ ಹೆಚ್ಚು ನಂಬಿಕೆ. ಬೆಳ್ಳಿ ಕರಗಿಸುವ ಅಂಗೈಯಗಲದ ಮಣ್ಣಿನ ಮೂಸೆಯಿರಲಿ, ಹಿತ್ತಾಳೆಗೆ ಬೇಕಾದ ಬಕೆಟ್ಟಿನಷ್ಟು ದೊಡ್ಡ ಗ್ರಾಫೈಟ್ ಮೂಸೆಯಿರಲಿ, ಬೆಂಕಿಗಿಡುವ ಮುಂಚೆ ಅವನ ಮುಂದೆ ತಂದಿಡುತ್ತಿದ್ದರು. ಅವನು ಸಣ್ಣ ಕೋಲಿನಿಂದ ತಟ್ಟುತ್ತಿದ್ದ. ಠಣ್ ಎಂದರೆ ಗಟ್ಟಿ, ದಬ್ ಎಂದರೆ ಒಳಗೆಲ್ಲೋ ಬಿರುಕು. ಬಿರುಕು ಬಿಟ್ಟ ಮೂಸೆ ಕುಲುಮೆಯಲ್ಲಿ ಸಾಧುವಿನ ಹಾಗೆ ಕೂತಿರುತ್ತದೆ. ಎತ್ತುವಾಗ ತಳ ಕಳಚಿ, ಕರಗಿದ ಲೋಹವನ್ನೆಲ್ಲ ಎತ್ತಿದವನ ಕಾಲ ಮೇಲೆ ಸುರಿಯುತ್ತದೆ. ಅಂಥ ನಯವಂಚಕ ಸಾಮಾನು ಅದು.

ತಟ್ಟಿದ ಮೇಲೆ ಅವನು ಪಕ್ಕದಲ್ಲೇ ಕೂತಿರುತ್ತಿದ್ದ ಅವಳ ಮುಖ ನೋಡುತ್ತಿದ್ದ. ಮದುವೆಯಾಗಿ ಇಷ್ಟು ವರ್ಷವಾದರೂ ನೋಡುತ್ತಾನಲ್ಲ ಎಂದು ಅವಳು ಒಳಗೊಳಗೇ ಬೀಗುತ್ತಿದ್ದಳು. ಆದರೆ ಹೋದ ವಾರ ಅವಳಿಗೆ ವಿಪರೀತ ಹಲ್ಲುನೋವು. ಅಂದು ಅವನು ಠಣ್ಣೆನ್ನುತ್ತಿದ್ದ ಹೊಸ ಮೂಸೆಗಳನ್ನೂ "ಬೇಡ, ಕೆಟ್ಟಿವೆ" ಎಂದು ಮೂಲೆಗೆ ತಳ್ಳಿದ. ಆಮೇಲಿಂದ ಅವನು ತಟ್ಟುವಾಗೆಲ್ಲ ಅವಳು ಅವನ ಕಣ್ಣನ್ನೇ ಗಮನಿಸತೊಡಗಿದಳು.

ಇವತ್ತು ಒಳಗೆ ಇಬ್ಬರೇ ಇದ್ದರು. ತೇವದ ಗೋಡೆಗೆ ಒರಗಿಸಿಟ್ಟಿದ್ದ ಹಳೇ ಮೂಸೆಯೊಂದನ್ನು ಅವಳೇ ತಂದು ಅವನ ಮುಂದಿಟ್ಟಳು. ಅವನು ತಟ್ಟಿದ. ದಬ್. ಕೊಳೆತ ಕುಂಬಳಕಾಯಿ ತಟ್ಟಿದ ಹಾಗಿತ್ತು. ಅವನು ತಲೆಯೆತ್ತಿ ನೋಡಿದ. ಅವಳು ಬೇಕೆಂದೇ ನಕ್ಕಳು.

"ಗಂಟೆ ಥರ ಇದೆ ಕಣೇ," ಎಂದ ಅವನು.

ಅವಳು ಅವನ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡು, "ರೀ, ಎಷ್ಟು ದಿನದಿಂದ ಕೇಳಿಸ್ತಿಲ್ಲ ನಿಮಗೆ?" ಎಂದಳು.

ಅವನು ಅವಳ ತುಟಿಗಳನ್ನೇ ನೋಡಿದ. ಸುಳ್ಳು ಹೇಳಲು ಬಾಯಿ ತೆರೆದು, ಆಗದೆ, "ಯಾರಿಗೂ ಹೇಳ್ಬೇಡ. ಗೊತ್ತಾದ್ರೆ ಹತ್ತಿರಕ್ಕೂ ಸೇರಿಸಲ್ಲ. ನೀನಿದ್ದೀಯಲ್ಲ, ಹೇಗೋ ನಡೆಯುತ್ತೆ," ಎಂದ.

ಅವಳಿಗೆ ಪಾಪ ಎನ್ನಿಸಿತು, ಎರಡು ಬಾರಿಸೋಣ ಎಂದೂ ಅನ್ನಿಸಿತು. "ನಾನಿಲ್ಲದಾಗ ಯಾರಿಗಾದ್ರೂ ತಟ್ಟಿ ಕೊಟ್ಟಿದ್ದೀರಾ?"

ಅವನು ಕೋಲನ್ನು ಕೆಳಗಿಟ್ಟ.

"ಬೆಳಗ್ಗೆ ನೀನು ಅಂಗಡಿಗೆ ಹೋಗಿದ್ದಾಗ ನಿನ್ನ ತಮ್ಮ ಮೂಸೆ ಹಿಡ್ಕೊಂಡು ಬಂದಿದ್ದ. ಆಗಲ್ಲ ಅಂತ ಹೇಗೆ ಹೇಳೋದು? ಅವನ ಮುಖ ನೋಡ್ದೆ. ನಗ್ತಾ ಇದ್ದ."

ಬೀದಿಯಾಚೆ ತಮ್ಮನ ಕುಲುಮೆಗೆ ಗಾಳಿಯೂದುವ ಯಂತ್ರ ಬೆಳಗಿನಿಂದ ಗುಂಯ್‌ಗುಡುತ್ತಿತ್ತು. ಮೂಸೆ ಎತ್ತುವಾಗ ಮಾತ್ರ ಅದನ್ನು ನಿಲ್ಲಿಸುತ್ತಾರೆ. ಅವಳು ಹೊಸ್ತಿಲು ದಾಟುವಷ್ಟರಲ್ಲಿ ಅದು ನಿಂತಿತು.

"ಎತ್ಬೇಡ್ವೋ!" ಎಂದು ಕಿರುಚುತ್ತಾ ಅವಳು ಓಡಿದಳು. ಹಿಂದಿನಿಂದ ಗಂಡ, "ಏನಾಯ್ತೇ? ಏನಾಯ್ತು?" ಎಂದು ಕೇಳುತ್ತಲೇ ಇದ್ದ.